ಕಪಾಟಿನ ಹಿಂದಿನ ಜಾಯಿಂಟ್

ಆ ಜಾಯಿಂಟೇ ಕಾರಣವಿರಬಹುದೇ? ಅಲ್ಲದೆಯೂ ಇರಬಹುದು. ಒಂಬತ್ತು ವರ್ಷ ಹಳೆಯ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಲೋಹದ ತುಂಡು. ಅಷ್ಟರಿಂದ ಟೀವಿಯ ಚಿತ್ರ ಹೀಗೆ ಚೌಕಚೌಕವಾಗಿ ಒಡೆಯುತ್ತದೆಯೇ? ಹಳೆಯ ಕೇಬಲ್ ಕೂಡ ಅದರ ಮೂಲಕವೇ ಬರುತ್ತಿತ್ತಲ್ಲ. ನಿನ್ನೆ ರಾತ್ರಿಯ ತನಕ ಬಂದಿತ್ತು. ಹಾಗಾದರೆ ಕೆಟ್ಟದ್ದು ಹೊಸ ಬಾಕ್ಸೇ. ಆದರೆ ಮೆಟ್ಟಿಲ ಮೇಲಿನ ಪೆಟ್ಟಿಗೆಯಲ್ಲಿ ಸಿಗ್ನಲ್ ಭರ್ತಿ ಇದೆ ಎಂದು ಕೇಬಲ್‌ನ ಸೈದಪ್ಪ ಈಗಷ್ಟೇ ಹೇಳಿದ. ಹೊರಗೆ ಭರ್ತಿ ಇದ್ದದ್ದು ಒಳಗೆ ಬರುವಾಗ ಎಲ್ಲಿಗೆ ಹೋಗುತ್ತದೆ?

ಯೋಗೀಶ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಇದನ್ನೇ ಹಿಂದುಮುಂದಾಗಿ ಯೋಚಿಸುತ್ತಿದ್ದ. ಎದುರಿನ ಕೋಣೆಯಲ್ಲಿ ಹದಿನೈದು ಜನರಿದ್ದರು. ಡೊಂಬಿವಲಿ ಪೂರ್ವದ ಆ ಕಟ್ಟಡದಲ್ಲಿ ಅವರ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಮೇಲೆ ಐವರು, ನೆಲದ ಮೇಲೆ ಉಳಿದವರು. ಎಲ್ಲರ ಕಣ್ಣು ಟೀವಿಯ ಮೇಲೆ. ಅದರಲ್ಲಿ ಅಡುಗೆ ಕಲಿಸುತ್ತಿದ್ದ ಹೆಂಗಸಿನ ಅರ್ಧ ಮುಖ ಒಂದು ಕಡೆ, ಇನ್ನರ್ಧ ಸೌಟಿನ ಮೇಲೆ.

"ಪಪ್ಪಾ, ಯೇ ತೋ ಫಿರ್ ಸೆ ಅಟಕ್ ಗಯಾ," ಎಂದಳು ತಂಗಿ ತನ್ವಿ ಹಿಂದಿಯಲ್ಲಿ, ಮತ್ತೆ ನಿಂತುಹೋಯಿತು ಎಂದು.

"ಅಟಕಿದ್ದಲ್ಲ ಮಾರಾಯ್ತಿ, ಹುಡಿಯಾದದ್ದು," ಎಂದರು ಮಂಚದ ಮೇಲಿದ್ದ ಮುದುಕರೊಬ್ಬರು. ಎಲ್ಲರೂ ನಕ್ಕರು. ಸೈದಪ್ಪ ನಗಲಿಲ್ಲ.

ಅದು ೨೦೧೩ರ ಮಾರ್ಚ್ ತಿಂಗಳ ಮೂರನೆಯ ಭಾನುವಾರ. ತಿಂಗಳ ಕೊನೆಗೆ ಹಳೆಯ ಕೇಬಲ್ ನಿಲ್ಲುತ್ತದೆ, ಪ್ರತಿ ಟೀವಿಗೂ ಒಂದು ಸೆಟ್‌ಟಾಪ್ ಬಾಕ್ಸ್ ಬೇಕೇ ಬೇಕು ಎಂದು ಸರಕಾರ ಹೇಳಿತ್ತು. ಕೇಬಲ್‌ನವರ ಬಾಕ್ಸೋ, ಕಿಟಕಿಗೆ ಕಟ್ಟುವ ಡಿಶ್ಶೋ ಎಂಬುದನ್ನು ಜನರೇ ಆರಿಸಿಕೊಳ್ಳಬೇಕು. ಆ ಮೂರು ಕಟ್ಟಡಗಳಲ್ಲಿ ಇಪ್ಪತ್ತೆರಡು ಕನ್ನಡದ ಮನೆಗಳಿದ್ದವು, ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಅಷ್ಟೂ ಮನೆಗೆ ಕೇಬಲ್ ಎಳೆದವನು ಸೈದಪ್ಪ. ಅವನು ಕಲಬುರಗಿಯವನು. ಹತ್ತು ವರ್ಷದ ಹಿಂದೆ ಇಲ್ಲಿ ಕನ್ನಡ ಚಾನೆಲ್ ಬರುತ್ತಿರಲಿಲ್ಲ. ಸೈದಪ್ಪ ತನ್ನ ಮಾಲಿಕನ ಬೆನ್ನು ಹತ್ತಿ, ಕಚೇರಿಯ ಮೇಲೆ ಇನ್ನೊಂದು ದೊಡ್ಡ ಡಿಶ್ ಕೂರಿಸಿ, ಈ ಮನೆಗಳಿಗೆ ಮೂರು ಕನ್ನಡ ಚಾನೆಲ್ ತರಿಸಿದ್ದ. ಈಗ ಮಾಲಿಕ ಅವನಿಗೆ ಒಂದು ಮಾತು ಹೇಳಿದ್ದ: ಈ ಕಟ್ಟಡಗಳಿಂದ ಇಪ್ಪತ್ತು ಫಾರ್ಮ್ ತುಂಬಿಸಿ ತಂದರೆ ಲೈನ್ ನಿನ್ನದೇ. ತರದಿದ್ದರೆ ಏಪ್ರಿಲ್‌ನಿಂದ ಬರಬೇಡ.

ಫಾರ್ಮುಗಳು ಅವನ ಚೀಲದಲ್ಲಿದ್ದವು. ಇಪ್ಪತ್ತೆರಡೂ ಖಾಲಿ.

ಖಾಲಿ ಇರಲು ಕಾರಣ ಯೋಗೀಶನ ಮನೆ. ಆ ಕಟ್ಟಡಗಳ ಕನ್ನಡದವರಲ್ಲಿ ಒಂದು ರೂಢಿಯಿತ್ತು. ಹೊಸದಾಗಿ ಏನು ಬಂದರೂ ಮೊದಲು ಯೋಗೀಶನ ತಂದೆ ವಾಸಣ್ಣನ ಮನೆಗೆ ಬರಬೇಕು. ನೀರು ಶುದ್ಧ ಮಾಡುವ ಯಂತ್ರ ಹಾಗೆಯೇ ಬಂದಿತ್ತು, ಕರೆಂಟಿನ ಒಲೆಯೂ ಹಾಗೆಯೇ. ವಾಸು ತಿಂಗಳು ಬಳಸಿ 'ಅಡ್ಡಿಯಿಲ್ಲ' ಎಂದರೆ ಎಲ್ಲರೂ ತರುತ್ತಿದ್ದರು. 'ನಮಗೆ ಆಗಲಿಲ್ಲ' ಎಂದರೆ ಯಾರೂ ತರುತ್ತಿರಲಿಲ್ಲ. ವಾಸು ಠಾಣೆ ನಗರದ ಹೋಟೆಲೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಮ್ಯಾನೇಜರ್. ರೈಲಿನ ಪಾಸ್ ಮುಗಿದ ದಿನ ಮುಕ್ಕಾಲು ಗಂಟೆ ಟಿಕೆಟ್ ಸಾಲಿನಲ್ಲಿ ನಿಂತು ಕೆಲಸಕ್ಕೆ ತಡವಾಗಿ ಹೋದ ಮನುಷ್ಯ. ಅವರ ಮಾತಿಗೆ ಬೆಲೆ ಬಂದದ್ದು ಇಂಥವುಗಳಿಂದ.

ಸೈದಪ್ಪ ವಯರನ್ನು ಬೆರಳಿನಿಂದ ತಡವುತ್ತ ಕಿಟಕಿಯಿಂದ ಟೀವಿಯ ತನಕ ಬಂದ. ನಡುವೆ ವಯರು ಕಬ್ಬಿಣದ ಕಪಾಟಿನ ಹಿಂದೆ ಹೋಗಿ, ಇನ್ನೊಂದು ಕಡೆ ಹೊರಗೆ ಬರುತ್ತಿತ್ತು. ಅಲ್ಲಿ ಅವನ ಬೆರಳು ನಿಂತಿತು.

"ಅಣ್ಣಾವ್ರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಒಳಗ ಎಲ್ಲ್ಯಾರ ಜಾಯಿಂಟ್ ಅದ ಏನ್ರಿ? ಹಳೇ ಲೈನಿಗಿ ಅದು ನಡೀತದ. ಮಬ್ಬಾಗ್ತದ, ಆದ್ರ ಬರ್ತದ. ಈ ಡಬ್ಬಿಗಿ ನಡಿಯಲ್ರಿ. ಬಂದ್ರ ಪೂರಾ ಬರ್ತದ, ಇಲ್ಲಾಂದ್ರ ಹಿಂಗ ಒಡೀತದ."

"ಜಾಯಿಂಟ್ ಎಂತದ್ದು ಮಾರಾಯ?" ಎಂದರು ವಾಸು. "ಕದ್ದು ಎಳೆಯುವವರು ನಾವಾ? ನೀನು ಕೊಟ್ಟ ಲೈನು, ನೀನು ಕೊಟ್ಟ ವಯರು." ಆಮೇಲೆ ಹೆಂಡತಿಯ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು, "ಇಜ್ಜಿ ಅತ್ತಾ?"

"ಇಜ್ಜಿ," ಎಂದಳು ಲೋಲಾಕ್ಷಿ. ಅವಳಿಗೆ ಗೊತ್ತಿರಲಿಲ್ಲ. ಅವಳ 'ಇಲ್ಲ' ನಿಜವಾದದ್ದು.

ವಾಸು ಮಗನನ್ನು ಕೇಳಲಿಲ್ಲ. ಯೋಗೀಶ ಬಾಗಿಲಿನಿಂದಲೇ ಕಪಾಟಿನ ಕಡೆ ನೋಡಿದ.

ಅವನಿಗೆ ಗೊತ್ತಿತ್ತು. ೨೦೦೪ರ ಬೇಸಗೆಯಲ್ಲಿ ಅಮ್ಮ, ತನ್ವಿ ಊರಿಗೆ ಹೋಗಿದ್ದರು. ಅವನು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದ. ಪಕ್ಕದ ಮನೆಯ ಚಂದ್ರಬಾಯಿಯ ಗಂಡ ಶಹಾಡ್‌ನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವನು, ಆ ವರ್ಷ ತೀರಿಕೊಂಡಿದ್ದ. ಎರಡು ತಿಂಗಳ ಬಳಿಕ, ಹಣ ಕಟ್ಟಲಾಗದೆ, ಅವಳ ಕೇಬಲ್ ಕಡಿತವಾಯಿತು. ಅವಳು ಆದರೂ ಸಂಜೆ ಟೀವಿ ಹಾಕುತ್ತಿದ್ದಳು. ಚಿತ್ರವಿಲ್ಲ, ಬರೀ ಝುಂಯ್ ಎನ್ನುವ ಸದ್ದು. ಅದು ಗೋಡೆಯ ಈಚೆಗೆ ಕೇಳಿಸುತ್ತಿತ್ತು. ಮೂರು ಸಂಜೆ ಅದನ್ನು ಕೇಳಿದ ವಾಸು ನಾಲ್ಕನೆಯ ದಿನ ಹೋಟೆಲಿನಿಂದ ಡ್ರಿಲ್ಲಿಂಗ್ ಯಂತ್ರ ತಂದು ಗೋಡೆಗೆ ತೂತು ಹಾಕಿದರು. ತಮ್ಮ ವಯರನ್ನು ಕತ್ತರಿಸಿ, ಜಾಯಿಂಟ್ ಕೂರಿಸಿ, ಒಂದು ಎಳೆಯನ್ನು ಆಚೆ ದಾಟಿಸಿದರು. ಕಪಾಟನ್ನು ಅದರ ಎದುರು ತಳ್ಳುವಾಗ ಯೋಗೀಶನಿಗೆ ಹೇಳಿದ್ದು ಒಂದೇ ಮಾತು: "ಯಾರಿಗೂ ಹೇಳುವುದು ಬೇಡ." ಅವಳು ಮಾಳಿಗೆಯ ಹಳೆಯ ಏರಿಯಲ್‌ನಲ್ಲಿ ದೂರದರ್ಶನ ನೋಡುತ್ತಾಳೆ ಎಂದೇ ಸೈದಪ್ಪ ತಿಳಿದಿದ್ದ.

ಈಗ ಅಪ್ಪ ಜಾಯಿಂಟ್ ಇಲ್ಲವೆಂದರು. ಮರೆತಿದ್ದಾರೆಯೇ? ಕಪಾಟು ಸರಿಸದೆ ಒಂಬತ್ತು ವರ್ಷವಾಯಿತು. ಮರೆಯುವುದು ಸಾಧ್ಯ. ಆದರೆ ಪಕ್ಕದ ಮನೆಯಿಂದ ಟೀವಿಯ ಸದ್ದು ದಿನಾ ಕೇಳಿಸುತ್ತದಲ್ಲ. ಹದಿನೈದು ಜನರ ಎದುರು ಹೇಳಲು ನಾಚಿಕೆಯೇ? ಹಾಗಾದರೆ 'ಕದ್ದು ಎಳೆಯುವವರು' ಎಂಬ ಮಾತನ್ನು ತಾವಾಗಿ ಯಾಕೆ ತಂದರು? ಸೈದಪ್ಪ ಕದಿಯುವ ಮಾತೇ ಆಡಿರಲಿಲ್ಲ.

"ಆತು ಬಿಡ್ರಿ," ಎಂದ ಸೈದಪ್ಪ. "ಡಬ್ಬಿಯೊಳಗಽ ಇರಬೇಕು. ಮಂಗಳವಾರ ಬ್ಯಾರೆದು ತರ್ತೀನಿ."

ಆ ಹೊತ್ತಿಗೆ ಜಯಶೀಲ ಎದ್ದ. ಅವನು ಮೂರನೆಯ ಮಹಡಿಯವರ ಅಳಿಯ, ನವಿ ಮುಂಬಯಿಯಲ್ಲಿ ಡಿಶ್ ಮಾರುವವನು. ಅಷ್ಟರವರೆಗೆ ಕಾಲು ಚಾಚಿ ಚಕ್ಕುಲಿ ತಿನ್ನುತ್ತಿದ್ದ.

"ವಾಸಣ್ಣ, ಡಿಶ್ಶಿನಲ್ಲಿ ಈ ರಗಳೆ ಇಲ್ಲ. ಯಾವ ಕಂಪೆನಿ ಅಂತ ನೀವು ಆರಿಸುವುದೂ ಬೇಡ, ನಿಮ್ಮ ಕಿಟಕಿಯೇ ಆರಿಸ್ತದೆ. ಎಲ್ಲರ ಉಪಗ್ರಹ ಒಂದೇ ಜಾಗದಲ್ಲಿಲ್ಲ. ಕಿಟಕಿಗೆ ದಕ್ಷಿಣ ಕಂಡರೆ ಒಂದು ಕಂಪೆನಿ, ಸ್ವಲ್ಪ ಪೂರ್ವ ಕಂಡರೆ ಇನ್ನೊಂದು."

"ಪಡುವಣಕ್ಕೆ ಕಿಟಕಿ ಇರುವವರು?" ಎಂದು ಕೇಳಿದಳು ಒಬ್ಬಳು.

"ಅವರು ಎದುರು ಮನೆಯ ಟೀವಿ ನೋಡುವುದು ಅಕ್ಕಾ."

ಮತ್ತೆ ಎಲ್ಲರೂ ನಕ್ಕರು. ಸೈದಪ್ಪ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ. ಫಾರ್ಮುಗಳನ್ನು ಹೊರಗೆ ತೆಗೆಯಲಿಲ್ಲ.

ಮಂಗಳವಾರ ಅವನು ತಂದ ಎರಡನೆಯ ಬಾಕ್ಸೂ ಹಾಗೆಯೇ ಮಾಡಿತು. ಹತ್ತು ನಿಮಿಷ ಚಂದ, ಆಮೇಲೆ ಚೌಕ, ಆಮೇಲೆ ಕಪ್ಪು. ಮೇಲಿನ ಮನೆಯಲ್ಲಿ ಹಾಕಿ ತೋರಿಸುತ್ತೇನೆ ಎಂದು ಸೈದಪ್ಪ ಹೋದರೆ ಅಲ್ಲಿಯ ಹೆಂಗಸು ಬಾಗಿಲಲ್ಲೇ ನಿಂತಳು. "ಮೊದಲು ವಾಸಣ್ಣನ ಮನೆಯಲ್ಲಿ ಸರಿ ಮಾಡಿ ಮಾರಾಯ್ರೆ. ಅಲ್ಲಿ ಆಗದ್ದು ನಮ್ಮಲ್ಲಿ ಆಗ್ತದಾ?" ಮರುದಿನದಿಂದ ನೀರು ಹಿಡಿಯುವಲ್ಲಿ, ಮೆಟ್ಟಿಲಿನಲ್ಲಿ ಒಂದೇ ಮಾತು: ಒಂದಲ್ಲ ಎರಡು ಬಾಕ್ಸ್ ಕೆಟ್ಟದ್ದು.

ಎರಡೂ ಕೆಟ್ಟಿರಲಾರವು ಎಂದು ಯೋಗೀಶನಿಗೆ ಅನಿಸಿತು. ಅಥವಾ ಕೆಟ್ಟಿರಬಹುದು. ಅಗ್ಗದ ಮಾಲು ತರಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ತಾನು ಕೆಲಸ ಮಾಡುವ ಮಹಾಪೆಯ ಕಚೇರಿಯಲ್ಲಿ ಜೊತೆಗಿದ್ದವರನ್ನು ಕೇಳಿದ. ಒಬ್ಬ ಡಿಶ್ ಒಳ್ಳೆಯದು ಎಂದ, ಮಳೆಗಾಲದಲ್ಲಿ ಡಿಶ್ ಕೈಕೊಡುತ್ತದೆ ಎಂದ ಇನ್ನೊಬ್ಬ. ಯಾವುದೂ ಬೇಡ, ಟೀವಿಯೇ ಬೇಡ ಎಂದ ಮೂರನೆಯವನು ಮಧ್ಯಾಹ್ನವಿಡೀ ಫೋನಿನಲ್ಲಿ ಕ್ರಿಕೆಟ್ ನೋಡಿದ. ಶನಿವಾರ ಯೋಗೀಶ ಉಲ್ಹಾಸನಗರಕ್ಕೆ ಹೋಗಿ ಕೇಬಲ್ ಸಾಮಾನಿನ ಒಂದು ಸಣ್ಣ ಅಂಗಡಿಯಲ್ಲಿ ನಿಂತ. ಮನೆಯ ಹೆಸರು ಹೇಳದೆ, ಗೆಳೆಯನದು ಎಂಬಂತೆ ಕೇಳಿದ. ಅಂಗಡಿಯವನು ಹಿಂದಿಯಲ್ಲಿ ಹೇಳಿದ: "ಜಾಯಿಂಟ್ ಹೈ ತೋ ಸಿಗ್ನಲ್ ಆಧಾ. ಲೇಕಿನ್ ಬಾಕ್ಸ್ ಭೀ ಖರಾಬ್ ಹೋ ಸಕತಾ ಹೈ. ವಯರ್ ಭೀ. ನಿಕಾಲ್ ಕೇ ದೇಖ್ ನಾ." ಜಾಯಿಂಟ್ ಇದ್ದರೆ ಸಿಗ್ನಲ್ ಅರ್ಧವಾಗುತ್ತದೆ, ಬಾಕ್ಸೋ ವಯರೋ ಕೂಡ ಕೆಟ್ಟಿರಬಹುದು, ತೆಗೆದು ನೋಡು. ಅಷ್ಟು ಸರಳವಾದದ್ದನ್ನು ಇಷ್ಟು ದಿನ ತಾನು ಯಾಕೆ ಯೋಚಿಸಲಿಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಅಥವಾ ಯೋಚಿಸಿದ್ದನೇನೋ. ತಿಳಿದುಬಿಟ್ಟರೆ ಆಮೇಲೆ ಹೇಳಬೇಕಾಗುತ್ತದೆ ಎಂಬ ಭಯವಿತ್ತೇನೋ.

ಹೋಳಿಯ ಮರುದಿನ, ಧುಳವಡಿಯಂದು, ರಜೆ. ಎಲ್ಲರೂ ಬಣ್ಣ ಆಡಲು ಕೆಳಗೆ ಹೋಗಿದ್ದರು. ಅಪ್ಪ ಹೋಟೆಲಿಗೆ ಹೋಗಿದ್ದರು. ಯೋಗೀಶ ಬಾಗಿಲು ಹಾಕಿ, ಕಪಾಟಿನ ಕೆಳಗಿನ ಅರೆಯ ಬಟ್ಟೆಗಳನ್ನು ತೆಗೆದು, ಒಂದು ಬದಿಯನ್ನು ಭುಜದಿಂದ ತಳ್ಳಿದ. ಗೋಡೆಯಲ್ಲಿ ತೂತು ಇತ್ತು. ಜಾಯಿಂಟ್ ಹಸಿರು ಹಿಡಿದಿತ್ತು. ಅವನು ಅದನ್ನು ತಿರುಗಿಸಿ ತೆಗೆದ. ವಯರಿನ ಎರಡು ತುದಿಗಳನ್ನು ನೇರವಾಗಿ ಸೇರಿಸುವ ಚಿಕ್ಕ ತುಂಡನ್ನು ಉಲ್ಹಾಸನಗರದಿಂದ ತಂದಿದ್ದ. ಅದನ್ನು ಹಾಕಿ, ಬಾಕ್ಸಿಗೆ ಜೀವ ಕೊಟ್ಟ.

ಚಿತ್ರ ಬಂತು. ಅವನು ನೆಲದ ಮೇಲೆ ಕುಳಿತು ಗಡಿಯಾರ ನೋಡಿದ. ಹತ್ತು ನಿಮಿಷವಾಯಿತು. ಇಪ್ಪತ್ತು ಆಯಿತು. ಯಾರೋ ಕೊಳದ ಬಳಿ ನಿಂತು ಮಾತಾಡುತ್ತಿದ್ದರು. ನೀರಿನ ಮೇಲಿನ ಎಲೆ ಕೂಡ ಕಾಣುತ್ತಿತ್ತು. ಈ ಮನೆಯ ಟೀವಿಯಲ್ಲಿ ಅಷ್ಟು ಸ್ವಚ್ಛವಾದ ಚಿತ್ರವನ್ನು ಅವನು ನೋಡಿರಲಿಲ್ಲ. ಒಂದು ಚೌಕವೂ ಒಡೆಯಲಿಲ್ಲ.

ಹಾಗಾದರೆ ಬಾಕ್ಸ್ ಸರಿಯಿದೆ. ಇದು ಸಂತೋಷದ ಸುದ್ದಿಯಾಗಬೇಕಿತ್ತು.

ಬಾಗಿಲು ಬಡಿದ ಸದ್ದಾಯಿತು. ಚಂದ್ರಬಾಯಿ. ಹಣೆಯ ಮೇಲೆ ಯಾರೋ ಹಚ್ಚಿದ ಗುಲಾಲು.

"ಯೋಗ್ಯಾ, ನಮ್ ಟೀವಿ ಒಮ್ಮೆಲೆ ಬಂದ್ ಆತಲ್ಲೋ. ನಿಮ್ದು ನಡದದಽ?"

"ನೋಡ್ತೇನೆ ಮೌಶಿ."

"ನಿಮ್ ಲೈನ್ ನೋಡಂತ ಸೈದಪ್ಪಗ ಹೇಳ್ಲ್ಯಾ?"

"ಬೇಡ," ಎಂದ ಅವನು, ಸ್ವಲ್ಪ ಜೋರಾಗಿಯೇ. "ಬೇಡ ಮೌಶಿ. ಐದು ನಿಮಿಷ."

ಅವಳು ಹೋದ ಮೇಲೆ ಅವನು ಜಾಯಿಂಟನ್ನು ಮತ್ತೆ ಇದ್ದಲ್ಲಿಯೇ ಕೂರಿಸಿದ. ಕಪಾಟನ್ನು ತಳ್ಳಿದ. ಗೋಡೆಯ ಆಚೆ ಸದ್ದು ಬಂತು, ಈಚೆ ಚಿತ್ರ ಒಡೆಯಿತು. ಇನ್ನು ನಾಲ್ಕು ದಿನವಾದರೆ ಹಳೆಯ ಲೈನ್ ನಿಂತು ಆ ಎಳೆ ಅವಳಿಗೂ ಉಪಯೋಗಕ್ಕೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಿದ್ದೂ ಮತ್ತೆ ಯಾಕೆ ಕೂರಿಸಿದೆ ಎಂದು ಕೇಳಿಕೊಂಡ.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಸ್ಟೇಷನ್ ತನಕ ನಡೆದ. ದಾರಿಯಲ್ಲಿ ಕೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದ. ಅಪ್ಪಾ, ಆ ಕಪಾಟಿನ ಹಿಂದೆ. ಅಲ್ಲಿಗೆ ವಾಕ್ಯ ನಿಲ್ಲುತ್ತಿತ್ತು.

"ಅಪ್ಪಾ, ಚಂದ್ರ ಮೌಶಿಯ ಟೀವಿಗೆ ಇನ್ನು ಎಂತ ಮಾಡುವುದು?"

"ಅವಳಿಗೂ ಒಂದು ಡಿಶ್ ಹಾಕಿಸುವ. ಜಯಶೀಲನಿಗೆ ಹೇಳಿದ್ದೇನೆ." ವಾಸು ರಸ್ತೆಯ ಗುಂಡಿಯನ್ನು ದಾಟಿದರು. "ಅವಳಿಗೆ ಇಷ್ಟು ವರ್ಷ ಪುಕ್ಕಟೆ ಲೈನು ಕೊಟ್ಟದ್ದು ಸೈದಪ್ಪನೇ ಅಲ್ಲವಾ, ಪಾಪ. ಆ ಮನುಷ್ಯ ಒಳ್ಳೆಯವನೇ. ಬಾಕ್ಸ್ ಮಾತ್ರ ಇಷ್ಟು ಕೆಟ್ಟದ್ದು ಯಾಕೆ ತಂದ ಅಂತ ನನಗೆ ಗೊತ್ತಾಗುವುದಿಲ್ಲ."

ಯೋಗೀಶ ಅಪ್ಪನ ಮುಖ ನೋಡಿದ. ಅದರಲ್ಲಿ ಏನೂ ಇರಲಿಲ್ಲ. ಸುಳ್ಳು ಹೇಳುವವನ ಎಚ್ಚರವೂ ಇಲ್ಲ, ಮರೆತವನ ತಡವರಿಕೆಯೂ ಇಲ್ಲ. ಯಾರಾದರೂ ತನ್ನ ಒಳ್ಳೆಯ ಕೆಲಸವನ್ನೇ ಇನ್ನೊಬ್ಬರ ಹೆಸರಿಗೆ ಬರೆದು ಮರೆಯುತ್ತಾರೆಯೇ? ಅಥವಾ ಒಂಬತ್ತು ವರ್ಷ ಒಂದು ಸುಳ್ಳನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಅದು ನಿಜವಾಗಿಬಿಡುತ್ತದೆಯೇ? ಸೇತುವೆಯ ಕೆಳಗೆ ಬರುವಾಗ ಠಾಣೆಯ ಕಡೆಯ ರೈಲು ಬಂದುಬಿಟ್ಟಿತು. ವಾಸು ಓಡುತ್ತ ಮೆಟ್ಟಿಲು ಹತ್ತಿದರು.

ಮೂವತ್ತನೆಯ ತಾರೀಕು ಸೈದಪ್ಪ ಬಾಕ್ಸ್ ತೆಗೆದುಕೊಂಡು ಹೋಗಲು ಬಂದ. ಮನೆಯಲ್ಲಿ ಲೋಲಾಕ್ಷಿ ಮತ್ತು ಯೋಗೀಶ ಇದ್ದರು. ಲೋಲಾಕ್ಷಿ ಅವನಿಗೆ ಕಷಾಯ ಕೊಟ್ಟಳು. "ಬೇಜಾರು ಮಾಡಬೇಡ ಸೈದಪ್ಪ. ಇವರು ಎಷ್ಟು ಹೇಳಿದರೂ ಜನ ಡಿಶ್ಶೇ ಅಂತಾರೆ," ಎಂದಳು. ವಾಸು ಹಾಗೇನೂ ಹೇಳಿರಲಿಲ್ಲ. ಅದು ಸೈದಪ್ಪನಿಗೂ ಗೊತ್ತಿದ್ದಂತಿತ್ತು. ಕಷಾಯ ಕುಡಿದು ಲೋಟವನ್ನು ತಾನೇ ತೊಳೆದಿಟ್ಟ.

ಯೋಗೀಶ ಅವನ ಜೊತೆ ಮೆಟ್ಟಿಲ ತನಕ ಬಂದ. ಸೈದಪ್ಪ ಎರಡು ಮೆಟ್ಟಿಲು ಇಳಿದು ನಿಂತ.

"ತಮ್ಮಾ, ನೀ ಓದಿದಾಂವ. ಸುತ್ತು ಬಳಸಿ ಬ್ಯಾಡ, ಸೀದಾ ಹೇಳು. ನನ್ನ ಡಬ್ಬಿಯೊಳಗ ದೋಷ ಅದ ಏನು?"

ಯೋಗೀಶನ ಬಾಯಲ್ಲಿ ಉತ್ತರ ಇತ್ತು. ನಿಜವಾಗಿಯೂ ಇತ್ತು. ಆದರೆ ಅದರ ಹಿಂದೆ ಅಪ್ಪ ಇದ್ದರು, ಹದಿನೈದು ಜನ ಇದ್ದರು, ಹಣೆಗೆ ಗುಲಾಲು ಹಚ್ಚಿಕೊಂಡ ಚಂದ್ರಬಾಯಿ ಇದ್ದಳು. ಒಂದು ವಾಕ್ಯ ಎಳೆದರೆ ಇಷ್ಟೂ ಜನ ಹೊರಗೆ ಬರುತ್ತಾರೆ. ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದರು.

"ಗೊತ್ತಾಗುವುದಿಲ್ಲ ಸೈದಪ್ಪಣ್ಣ," ಎಂದ.

"ನಿನಗಽ ಗೊತ್ತಾಗಲಿಲ್ಲಂದ್ರ ನನಗೆಲ್ಲಿ ಗೊತ್ತಾಗಬೇಕು ಬಿಡು." ಸೈದಪ್ಪ ನಕ್ಕ. ಅದರಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ. ಚುಚ್ಚಿದ್ದರೆ ಯೋಗೀಶನಿಗೆ ಸುಲಭವಾಗುತ್ತಿತ್ತು.

ಏಪ್ರಿಲ್‌ನಲ್ಲಿ ಕಟ್ಟಡಗಳ ಕಿಟಕಿಗಳಿಗೆ ಡಿಶ್ಶುಗಳು ಬಂದವು. ಎಲ್ಲವೂ ಆಗ್ನೇಯಕ್ಕೆ ಮುಖ ಮಾಡಿ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಪಕ್ಕಕ್ಕೆ. ವಾಸಣ್ಣನ ಕಿಟಕಿಯೆದುರು ಹೊಸ ಟವರ್ ಎದ್ದಿದ್ದರಿಂದ ಅವರ ಡಿಶ್ಶನ್ನು ಮೆಟ್ಟಿಲ ಕಿಟಕಿಗೆ ಕಟ್ಟಬೇಕಾಯಿತು. ಜಯಶೀಲ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೆಳಗೆ ಕೂಗುತ್ತಿದ್ದ, "ಬಂತಾ? ಈಗ?" ತನ್ವಿ ಒಳಗಿನಿಂದ "ಥೋಡಾ ಔರ್! ಗಯಾ! ಆಯಾ!" ಎನ್ನುತ್ತಿದ್ದಳು. ಒಂದೂವರೆ ಗಂಟೆ ಹಿಡಿಯಿತು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಎಲ್ಲರ ಟೀವಿಯೂ ಒಟ್ಟಿಗೆ ನಿಂತಿತು. ಯಾರೂ ಜಯಶೀಲನನ್ನು ಬೈಯಲಿಲ್ಲ. ಮಳೆಗೆ ಹಾಗೆ ಆಗುವುದೇ ಎಂದರು. ಚಂದ್ರಬಾಯಿಗೂ ಡಿಶ್ ಬಂದಿತ್ತು. ಅವಳು ವಾಸಣ್ಣನ ಹೆಸರಿನಲ್ಲಿ ಗಣಪತಿಗೆ ತೆಂಗಿನಕಾಯಿ ಒಡೆಸಿದಳು.

ಸೈದಪ್ಪನ ಲೈನನ್ನು ಮಾಲಿಕ ಇನ್ನೊಬ್ಬನಿಗೆ ಕೊಟ್ಟ ಎಂದು ಕೇಳಿಬಂತು. ಆಮೇಲೆ ಅವನು ಶಹಾಡ್ ಕಡೆ ಯಾವುದೋ ಕಾರ್ಖಾನೆಯಲ್ಲಿ ಲೈಟಿನ ಕೆಲಸ ನೋಡುತ್ತಾನೆ ಎಂದರು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಯೋಗೀಶ ಅವನನ್ನು ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಕಂಡ. ಸೈದಪ್ಪನೇ ಮೊದಲು ನೋಡಿ ಕೈ ಎತ್ತಿದ. ಕೂದಲು ಬೆಳ್ಳಗಾಗಿತ್ತು, ಕಾರ್ಖಾನೆಯ ನೀಲಿ ಅಂಗಿ.

"ಅಣ್ಣಾವ್ರು ಆರಾಮ ಅದಾರಿಲ್ಲೋ?"

"ಆರಾಮ."

"ಟೀವಿ ಛಂದ ಬರ್ತದ?"

"ಬರ್ತದೆ. ಮಳೆ ಬಂದರೆ ಸ್ವಲ್ಪ..."

"ಅದು ಹಂಗಽ." ಸೈದಪ್ಪ ಕಂಬಿಗೆ ಒರಗಿ ಕೆಳಗೆ ಹೋಗುತ್ತಿದ್ದ ಗಾಡಿ ನೋಡಿದ. "ಭಾಳ ದಿನ ತಲಿ ಕೆಡಿಸ್ಕೊಂಡೆ ನೋಡು, ತಮ್ಮಾ. ಲೈನು ಛಲೋ, ಸಿಗ್ನಲ್ ಛಲೋ, ಮತ್ತ ಯಾಕ ಒಡೀತು ಅಂತ. ಈಗ ತಿಳೀತು. ಡಬ್ಬಿ ಖೊಟ್ಟಿ ಮಾಲು. ಮಾಲಿಕ ನನಗಽ ಖೊಟ್ಟಿ ಮಾಲು ಕೊಟ್ಟು ಕಳ್ಸಿದ, ಲೈನ್ ಕಸಗೋಬೇಕಂತ. ಅಣ್ಣಾವ್ರ ಮನ್ಯಾಗ ಜಾಯಿಂಟ್ ಅದ ಏನಂತ ಕೇಳಿಬಿಟ್ಟೆ ನೋಡು ಅವತ್ತ, ಅಷ್ಟು ಮಂದಿ ಮುಂದ. ಅದು ನನ್ನ ತಪ್ಪಾತು. ಅಂಥಾ ಮನುಷ್ಯಗ ಹಂಗ ಕೇಳಬಾರದಿತ್ತು. ಅಣ್ಣಾವ್ರಿಗಿ ಹೇಳು, ಸೈದಪ್ಪ ಮಾಫಿ ಕೇಳ್ಯಾನಂತ."

ಜನ ಎರಡೂ ಕಡೆಯಿಂದ ಅವರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಕಸಾರಾ ಗಾಡಿಯ ಘೋಷಣೆಯಾಯಿತು. ಸೈದಪ್ಪ ಯೋಗೀಶನ ಭುಜ ಮುಟ್ಟಿ, ಬೇಗ ಬೇಗ ಮೆಟ್ಟಿಲು ಇಳಿದು ಹೋದ.

ಯೋಗೀಶ ಮನೆಗೆ ಬಂದು ಆ ಕ್ಷಮೆಯ ಮಾತನ್ನು ಅಪ್ಪನಿಗೆ ತಲುಪಿಸಿದ. ವಾಸು "ಅದಕ್ಕೆಲ್ಲ ಕ್ಷಮೆ ಎಂತದ್ದು," ಎಂದು ಟೀವಿಯ ಸದ್ದು ಸ್ವಲ್ಪ ಹೆಚ್ಚು ಮಾಡಿದರು.

ಬಾಕ್ಸ್ ಸರಿಯಿತ್ತು, ಜಾಯಿಂಟ್ ನಮ್ಮ ಮನೆಯಲ್ಲಿಯೇ ಇತ್ತು ಎಂದು ಯೋಗೀಶ ಸೈದಪ್ಪನಿಗೆ ಹೇಳಲಿಲ್ಲ.